ಹುರುಳಿಕಾಯಿಯೂ ಪರಕೀಯತೆಯೂ

ಕನ್ನಡನಾಡಿನ ಅನೇಕ ವೈದಿಕ ಗೃಹಗಳಲ್ಲಿ ಶ್ರಾದ್ಧದ ದಿನ ಹುರುಳಿಕಾಯಿಯು ಅಡುಗೆಮನೆಯ ಹೊಸ್ತಿಲನ್ನು ದಾಟುವುದಿಲ್ಲ. ಆಲೂಗೆಡ್ಡೆ, ಟೊಮೇಟೊ, ಹೂಕೋಸುಗಳಿಗೂ ಸಾಮಾನ್ಯವಾಗಿ ಅದೇ ವಿಧಿ; ಮೆಣಸಿನಕಾಯಿಯ ಸ್ಥಾನವನ್ನು ಅಂದು ಕರಿಮೆಣಸು ವಹಿಸುವುದು. ಕಾರಣವನ್ನು ಕೇಳಿದರೆ, ಅದು ಪರದೇಶದ ಕಾಯಿ ಎಂಬುದೇ ಉತ್ತರ. ತಂದೆಯು ಬದುಕಿದ್ದಾಗ ತೆಂಗಿನತುರಿ ಬೆರೆಸಿದ ಹುರುಳಿಕಾಯಿ ಪಲ್ಯವನ್ನು ಆಸೆಪಟ್ಟು ಉಂಡಿದ್ದರೂ, ಮಗನು ಆತನ ತಿಥಿಯಂದು ಅದನ್ನು ಎಲೆಗೆ ಬಡಿಸಲಾರನು. ಇದು ಧರ್ಮವೋ ಬರಿಯ ರೂಢಿಯೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಆ ಉತ್ತರದಲ್ಲಿ ಸುಳ್ಳಿಲ್ಲ. ಈ ಬಳ್ಳಿಯ ಮೂಲವು ಅಮೆರಿಕಾ ಖಂಡ. ಮೆಕ್ಸಿಕೋ ಕಡೆಯವರೂ ಆಂಡೀಸ್ ಪರ್ವತದವರೂ ಬೇರೆ ಬೇರೆಯಾಗಿಯೇ ಅದನ್ನು ಕಾಡಿನಿಂದ ತಂದು ಪಳಗಿಸಿದರು. 1492ರಲ್ಲಿ ಕೊಲಂಬಸನು ಆ ಕಡೆಗೆ ಹೋದ ಬಳಿಕವೇ ಅದು ಸಮುದ್ರವನ್ನು ದಾಟಿತು. ಇಲ್ಲಿಗೆ ಬಂದ ಮೇಲೆ ಕನ್ನಡಿಗರು ತಮ್ಮ ಹಳೆಯ ಹುರುಳಿಯ ಹೆಸರನ್ನೇ ಅದಕ್ಕಿತ್ತು, ತಿಂಗಳಹುರುಳಿಯೆಂದರು, ಹುರುಳಿಕಾಯಿಯೆಂದರು. ನುಡಿಯು ಮನೆಯ ಮಗುವಿನಂತೆ ಕರೆದುದನ್ನು ಪಂಕ್ತಿಯು ಹೊರಗೆ ನಿಲ್ಲಿಸಿತು.

ಪರದೇಶದ್ದೆಂಬುದೇ ದೋಷವಾದರೆ ಅವರೆಯ ಗತಿಯೇನು? ಮಾಗಿಯ ಚಳಿಯಲ್ಲಿ ಸೊಗಡವರೆಯ ಪರಿಮಳವನ್ನರಿಯದ ಮನೆ ಮೈಸೂರು ಸೀಮೆಯಲ್ಲಿ ದುರ್ಲಭ, ಅದನ್ನು ಪರಕೀಯವೆನ್ನುವವರಿಲ್ಲ. ಆದರೆ ಅವರೆಯ ಕಾಡುಮೂಲವಿರುವುದು ಆಫ್ರಿಕಾದಲ್ಲಿ. ಅಲಸಂದೆಯೂ ಅಲ್ಲಿಂದಲೇ ಬಂದುದು. ಬಳ್ಳಾರಿಯ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ, ಈ ನೆಲದವೇ ಆದ ಹುರುಳಿ ಹೆಸರುಗಳ ಸುಟ್ಟು ಕರಿಯಾದ ಕಾಳುಗಳೊಡನೆ ಅವರೆಯೂ ದೊರೆತಿರುವುದರಿಂದ, ಅದು ಮೂರು ಸಾವಿರ ವರ್ಷಗಳಿಗೂ ಹಿಂದೆ ಬಂದ ಅತಿಥಿಯೆಂದು ತಿಳಿಯುವುದು. ಹಾಗಾದರೆ ಹುರುಳಿಕಾಯಿಗೂ ಅವರೆಗೂ ಇರುವ ಭೇದವು ಗುಣದ್ದಲ್ಲ, ಕಾಲದ್ದು ಮಾತ್ರ.

ಇದಕ್ಕೆ ಆಚಾರವಂತರು ಹೇಳುವ ಸಮಾಧಾನವೂ ತಿರಸ್ಕಾರ್ಯವಲ್ಲ. ಶ್ರಾದ್ಧವು ಸ್ಮರಣೆ; ಮುತ್ತಾತಂದಿರು ಉಂಡುದನ್ನೇ ಅಂದು ಬಡಿಸುವುದರಿಂದ ವರ್ಷಕ್ಕೊಂದು ದಿನವಾದರೂ ಹಳೆಯ ಅಡುಗೆ ಉಳಿಯುವುದು. ಈ ಮಾತು ಯುಕ್ತವೇ. ಆದರೆ ಸ್ಮರಣೆಗಾಗಿ ಬಿಡುವುದು ಬೇರೆ, ಹೀನವೆಂದು ಬಿಡುವುದು ಬೇರೆ. ಮೊದಲನೆಯದರಲ್ಲಿ ಹಿರಿಯರ ಮೇಲಣ ಗೌರವವಿದೆ. ಎರಡನೆಯದರಲ್ಲಿ ಹೊಸಬರ ಮೇಲಣ ತಾತ್ಸಾರ. ಕಾಯಿಯನ್ನು ಹೀಗಳೆಯಲು ಕಲಿತ ನಾಲಗೆಯು, ಊರಿಗೆ ಹೊಸದಾಗಿ ಬಂದ ಮನುಷ್ಯನನ್ನು ಹೀಗಳೆಯಲು ಬಹಳ ದಿನ ಬೇಕಾಗದು.

ಸ್ಮರಣೆಯೇ ಶ್ರಾದ್ಧದ ಪ್ರಯೋಜನವಾದರೆ, ಆ ಮಗನು ಸ್ಮರಿಸಬೇಕಾದ ತಂದೆಯು ಹುರುಳಿಕಾಯಿಯನ್ನು ಮೆಚ್ಚಿ ಉಂಡವನೇ ಅಲ್ಲವೆ? ತಿಥಿಯ ನಿಯಮವನ್ನು ಮಗನು ಪಾಲಿಸಲಿ. ಮರುದಿನ ಅದೇ ಪಲ್ಯವನ್ನು ಮಾಡಿಸಿ, ತಂದೆಯ ಹೆಸರನ್ನು ಹೇಳಿ, ಮನೆಗೆ ಬಂದ ಅತಿಥಿಗೆ ಮೊದಲು ಬಡಿಸಲಿ. ಅದರಿಂದ ಯಾವ ನಿಯಮವೂ ಮುರಿಯದು.