ಸರದಿಗೆ ಹೊರತಾದವರು

ಚುನಾವಣೆ ಹತ್ತಿರವಾದಂತೆ ನಮ್ಮ ನಾಯಕರ ಬೆನ್ನು ಬಾಗತೊಡಗುತ್ತದೆ. ಹೋಟೆಲಿಗೆ ನುಗ್ಗಿ ದೋಸೆ ಹುಯ್ಯುತ್ತಾರೆ, ಗುಡಿಸಲಿನ ಚಾಪೆಯ ಮೇಲೆ ಕೂತು ಉಣ್ಣುತ್ತಾರೆ, ಅಜ್ಜಿಯರ ಕಾಲಿಗೆ ಬೀಳುತ್ತಾರೆ. ಎಲ್ಲವೂ ನಾಟಕ ಎಂದು ನಾನು ಹೇಳಲಾರೆ. ಕೆಲವರ ಸ್ವಭಾವವೇ ಹಾಗಿರಬಹುದು. ಆದರೆ ನಾಯಕನ ವಿನಯವನ್ನು ಬೆನ್ನಿನ ಬಾಗಿನಿಂದ ಅಳೆಯಬಹುದೇ? ಕೈವಾರದ ಕಡೆ ಹೋದಾಗಲೆಲ್ಲ ನನಗೆ ಈ ಪ್ರಶ್ನೆ ಏಳುತ್ತದೆ. ಆ ಊರು ತನ್ನದೆಂದು ಹೇಳಿಕೊಳ್ಳುವ ಕತೆ ಅದಕ್ಕೆ ಕಾರಣ.

ಚಿಂತಾಮಣಿ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರಪುರ ಎನ್ನುತ್ತದೆ ಸ್ಥಳಪುರಾಣ. ಬಕಾಸುರನಿಗೆ ಒಂದು ಬಂಡಿ ಅನ್ನ, ಎರಡು ಕೋಣ, ಬಂಡಿ ಹೊಡೆದುಕೊಂಡು ಹೋದ ಮನುಷ್ಯ, ಇಷ್ಟು ಸಲ್ಲಬೇಕು. ಮನೆಮನೆಗೂ ಸರದಿ. ಭೀಮ ಹೋದ, ಅನ್ನ ತಿಂದ, ಅವನನ್ನು ಕೊಂದ ಎನ್ನುವಲ್ಲಿಗೆ ನಾವು ಮಕ್ಕಳಿಗೆ ಹೇಳುವ ಕತೆ ಮುಗಿಯುತ್ತದೆ. ಆದಿಪರ್ವದಲ್ಲಾದರೋ ಕಾದಾಟಕ್ಕಿಂತ ಅದರ ಹಿಂದಿನ ಮಾತುಕತೆಯೇ ಉದ್ದ. ಪಾಂಡವರು ತಂಗಿದ್ದ ಬ್ರಾಹ್ಮಣನ ಮನೆಗೆ ಸರದಿ ಬಂದಿದೆ. ನಾನು ಹೋಗುತ್ತೇನೆ ಎನ್ನುತ್ತಾನೆ ಗಂಡ. ಬೇಡ, ನಾನು ಎನ್ನುತ್ತಾಳೆ ಹೆಂಡತಿ. ನನ್ನನ್ನು ಕಳಿಸಿ ಎನ್ನುತ್ತಾಳೆ ಮಗಳು. ಇನ್ನೂ ತೊದಲುವ ಮಗ ಹುಲ್ಲುಕಡ್ಡಿ ಹಿಡಿದು, ಇದರಿಂದಲೇ ರಾಕ್ಷಸನನ್ನು ಕೊಲ್ಲುತ್ತೇನೆ ಎಂದಾಗ ಅಳುವಿನ ನಡುವೆಯೂ ಅವರಿಗೆ ಸಂತೋಷವಾಗುತ್ತದೆ. ಆ ಸೀಮೆಗೊಬ್ಬ ದೊರೆಯೂ ಇದ್ದಾನೆ. ಪ್ರಜೆಗಳನ್ನು ಕಾಯಲು ಕೈಲಾಗದವನು ಎಂದು ಬ್ರಾಹ್ಮಣ ಅವನನ್ನು ಬೈದುಕೊಳ್ಳುತ್ತಾನೆ. ಸರದಿಯ ಪಟ್ಟಿಯಲ್ಲಿ ಆ ದೊರೆಯ ಮನೆ ಇರಲಿಕ್ಕಿಲ್ಲ.

ಇದನ್ನೆಲ್ಲ ಕೇಳಿಸಿಕೊಂಡ ಕುಂತಿ, ನನಗೆ ಐದು ಮಕ್ಕಳಿದ್ದಾರೆ, ಒಬ್ಬ ಹೋಗಲಿ ಎನ್ನುತ್ತಾಳೆ. ಅವಳಿಗೆ ಆ ಊರಿನಲ್ಲಿ ಅಧಿಕಾರವಿಲ್ಲ. ಭಿಕ್ಷೆಯ ಅನ್ನ ಉಣ್ಣುವ ಅತಿಥಿ ಅವಳು. ಸರದಿ ಅವಳದ್ದಲ್ಲವೇ ಅಲ್ಲ. ಸುದ್ದಿ ತಿಳಿದ ಧರ್ಮರಾಯ ತಾಯಿಯ ಮೇಲೆ ಸಿಟ್ಟಾಗುತ್ತಾನೆ. ಭೀಮನ ತೋಳನ್ನು ನಂಬಿಯೇ ನಾವು ರಾತ್ರಿ ನಿದ್ದೆ ಮಾಡುವುದು, ರಾಜ್ಯ ಮರಳಿ ಸಿಗಬೇಕಾದರೂ ಅವನೇ ಬೇಕು, ಅಂಥವನನ್ನು ಬಿಟ್ಟುಕೊಡುವುದೇ ಎಂಬುದು ಅವನ ವಾದ.

ಈ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಸೇನಾಪತಿ ಮೊದಲೇ ಬಿದ್ದರೆ ಸೈನ್ಯವೂ ಬೀಳುತ್ತದೆ. ಕೆಲವರ ಜೀವಕ್ಕೆ, ಸಮಯಕ್ಕೆ ನಿಜವಾಗಿಯೂ ಹೆಚ್ಚು ಬೆಲೆ ಇರುತ್ತದೆ. ತೊಂದರೆ ಇರುವುದು ಆ ಮಾತನ್ನು ಯಾರು ಆಡುತ್ತಾರೆ ಎಂಬಲ್ಲಿ. ತನ್ನವರನ್ನು ಸರದಿಯಿಂದ ಬಿಡಿಸಿಕೊಳ್ಳಬೇಕಾದವನೇ ನ್ಯಾಯವನ್ನೂ ಹೇಳಲು ಕೂತರೆ, ಧರ್ಮರಾಯನಂಥವನಿಗೂ ಅಳತೆ ತಪ್ಪುತ್ತದೆ. ಕುಂತಿ ಕುರುಡಾಗಿ ತ್ಯಾಗ ಮಾಡಿದವಳೂ ಅಲ್ಲ. ಹಿಡಿಂಬನನ್ನು ಕೊಂದ ಮಗನ ಬಲ ಅವಳಿಗೆ ಗೊತ್ತಿತ್ತು. ಹಾಗೆಂದೇ ಮಗನಿಗೆ ಹೇಳುತ್ತಾಳೆ. ಬಕ ಸತ್ತ ಮೇಲೆ ಕೊಂದವರು ಯಾರೆಂದು ಊರಿಗೆ ತಿಳಿಯುವುದಿಲ್ಲ. ಅದನ್ನು ವಿನಯ ಎನ್ನುವ ಆಸೆ ನನಗೂ ಇದೆ, ಆದರೆ ಅವರು ತಲೆಮರೆಸಿಕೊಂಡಿದ್ದರು, ಅಷ್ಟೇ.

ಈಗ ನಮ್ಮ ಸೀಮೆಯಲ್ಲಿ ಸರದಿ ಇರುವುದು ನೀರಿಗೆ. ಸಾವಿರ ಅಡಿ ಕೊರೆದರೂ ಬತ್ತುವ ಬೋರ್‌ವೆಲ್‌ಗಳ ಜಿಲ್ಲೆ ಇದು. ಬೇಸಿಗೆಯಲ್ಲಿ ಟ್ಯಾಂಕರ್ ಬಂದಾಗ ಬಿಂದಿಗೆಗಳು ಸಾಲಾಗಿ ನಿಲ್ಲುತ್ತವೆ. ಆ ಸಾಲಿನಲ್ಲಿ ಪಂಚಾಯ್ತಿ ಮೆಂಬರ ಮನೆಯ ಬಿಂದಿಗೆ ಎಲ್ಲಿದೆ, ಅಥವಾ ಟ್ಯಾಂಕರ್ ಮೊದಲು ಅವರ ಸಂಪಿಗೇ ಹೋಗಿ ಬಂತೇ ಎಂಬುದು ಹೆಂಗಸರಿಗೆ ಸರಿಯಾಗಿ ಗೊತ್ತಿರುತ್ತದೆ. ಮೆಂಬರು ಮಾತಿನಲ್ಲಿ ಎಷ್ಟು ಮೃದು ಎಂಬುದನ್ನು ಅಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕೈವಾರದ ತಾತಯ್ಯನವರು ಯೋಗಿ ನಾರೇಯಣರಾಗುವ ಮೊದಲು ಬಳೆ ಮಾರುತ್ತಿದ್ದರು. ಅವರ ತತ್ವಪದಗಳ ಬಗ್ಗೆ ಬಲ್ಲವರು ಬರೆದಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಕಸುಬು. ಬಳೆಗಾರ ನೆಲದ ಮೇಲೆ ಕೂತು, ಎದುರಿಗಿರುವವಳ ಕೈ ಹಿಡಿದು, ಗೆಣ್ಣುಗಳನ್ನು ಮೆಲ್ಲಗೆ ಒತ್ತಿ ಬಳೆ ಏರಿಸಬೇಕು. ಪ್ರತಿ ಕೈಯ ಅಳತೆಯೂ ಬೇರೆ. ಅವಸರ ಮಾಡಿದರೆ ಬಳೆ ಒಡೆಯುತ್ತದೆ, ಕೈಗೂ ಗಾಯ. ತೊಡಿಸುವಾಗ ಒಡೆದದ್ದರ ನಷ್ಟ ಬಳೆಗಾರನದೇ. ನೆಲದ ಮೇಲೆ ಕೂತ ಫೋಟೋ ಯಾರು ಬೇಕಾದರೂ ತೆಗೆಸಿಕೊಳ್ಳಬಹುದು. ಒಡೆದ ಬಳೆಯ ಲೆಕ್ಕ ಯಾರ ತಲೆಗೆ ಎಂದು ಕೇಳಿದಾಗ ಎದ್ದು ಹೋಗುವವರೇ ಹೆಚ್ಚು.

ಹಾಗಾದರೆ ಒರಟು ಮಾತಿನವನೂ ವಿನಯಿಯಾಗಬಹುದೇ? ಇದೇ ಜಿಲ್ಲೆಯ ಎಚ್. ನರಸಿಂಹಯ್ಯನವರನ್ನು ನೆನೆದರೆ ಹೌದೆನ್ನಬೇಕಾಗುತ್ತದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಮನೆಯಲ್ಲಿ ಹುಟ್ಟಿ, ಓದಲೆಂದು ಬೆಂಗಳೂರಿಗೆ ನಡೆದೇ ಹೋದ ಹುಡುಗ, ಮುಂದೆ ಅಮೆರಿಕದ ಓಹಿಯೋದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು ಬಂದು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆ ಹುದ್ದೆಯಲ್ಲಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆ ಸಮಿತಿ ರಚಿಸಿ ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ಭಕ್ತರಿಗೆ ಇದು ಉದ್ಧಟತನವಾಗಿ ಕಂಡದ್ದು ಸಹಜ. ನನಗೆ ಅದು ಪ್ರಯೋಗಶಾಲೆಯ ಶಿಸ್ತಾಗಿ ಕಾಣುತ್ತದೆ: ಅಲ್ಲಿ ಮೊದಲ ವರ್ಷದ ವಿದ್ಯಾರ್ಥಿಯ ಮಾತಿಗೂ ಮೇಷ್ಟರ ಮಾತಿಗೂ ಒಂದೇ ಪರೀಕ್ಷೆ, ಯಾರಿಗೂ ವಿನಾಯಿತಿ ಇಲ್ಲ.

ತಮಗೂ ಅವರು ವಿನಾಯಿತಿ ಕೊಟ್ಟುಕೊಳ್ಳಲಿಲ್ಲ. ಪ್ರಿನ್ಸಿಪಾಲರಾದಾಗಲೂ ಕುಲಪತಿಯಾದಾಗಲೂ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯನ್ನು ಬಿಡಲಿಲ್ಲ. 2005ರಲ್ಲಿ ತೀರಿಕೊಳ್ಳುವವರೆಗೂ ಅವರ ಮನೆ ಅದೇ. ಹಾಸ್ಟೆಲಿನಲ್ಲಿ ನಲ್ಲಿ ನಿಂತುಹೋದರೆ ಹುಡುಗರು ಅವರಿಗೆ ಅರ್ಜಿ ಬರೆದು ತಿಳಿಸಬೇಕಾಗಿರಲಿಲ್ಲ.