ದೀಪವೋ ದ್ವೀಪವೋ

ಪಾಲಿ ಭಾಷೆಯಲ್ಲಿ ‘ದೀಪ’ ಎಂಬ ಒಂದೇ ಶಬ್ದಕ್ಕೆ ಉರಿಯುವ ಹಣತೆಯೆಂದೂ ನೀರು ಸುತ್ತುವರಿದ ನೆಲವೆಂದೂ ಎರಡರ್ಥಗಳುಂಟಾದುದರಿಂದ, ತನಗೆ ತಾನೇ ದೀಪವಾಗಿ ಬಾಳಬೇಕೆಂದು ಬುದ್ಧದೇವನು ಅಂತ್ಯಕಾಲದಲ್ಲಿ ಆನಂದನಿಗೆ ಉಪದೇಶಿಸಿದಾಗ ಆತನ ಮನದಲ್ಲಿದ್ದುದು ಬೆಳಕೋ ದ್ವೀಪವೋ ಎಂಬ ಜಿಜ್ಞಾಸೆ ವಿದ್ವಾಂಸರಲ್ಲಿ ಇನ್ನೂ ಉಳಿದಿದೆ.

ಆ ಜಿಜ್ಞಾಸೆ ವಾಶಿಯ ನಮ್ಮ ಮನೆಬಾಗಿಲಿಗೆ ಬಂದುದು 2020ರ ಅಕ್ಟೋಬರ್ 12ರ ಸೋಮವಾರದಂದು. ಬೆಳಿಗ್ಗೆ ಹತ್ತರ ಸುಮಾರಿಗೆ ಮುಂಬಯಿ, ಠಾಣೆ, ನವಿ ಮುಂಬಯಿಗಳಲ್ಲಿ ವಿದ್ಯುತ್ತು ಒಮ್ಮೆಗೇ ಹೋಯಿತು. ಲೋಕಲ್ ಗಾಡಿಗಳು ಹಳಿಯ ಮೇಲೆಯೇ ನಿಂತುವು. ಹೊರಗಿನ ವಿದ್ಯುತ್ ಜಾಲ ಕುಸಿದಾಗ ಮುಂಬಯಿಯನ್ನು ಅದರಿಂದ ಬೇರ್ಪಡಿಸಿ ಕಾಪಾಡಲೆಂದು 1981ರಿಂದ ಇದ್ದ, ಹೆಸರಿನಲ್ಲಿಯೇ ದ್ವೀಪವನ್ನು ಧರಿಸಿದ ‘ಐಲ್ಯಾಂಡಿಂಗ್’ ಏರ್ಪಾಡೂ ಅಂದು ಕೈಕೊಟ್ಟಿತು.

ನಮ್ಮ ಮನೆಯಲ್ಲಿ ಮಾತ್ರ ಫ್ಯಾನು ತಿರುಗುತ್ತಿತ್ತು. ಬಾಗಿಲ ಮೂಲೆಯಲ್ಲಿದ್ದ ಇನ್‌ವರ್ಟರಿನ ಸೀಸದ ಬ್ಯಾಟರಿ 12 ವೋಲ್ಟಿನದು, 150 ಆಂಪಿಯರ್-ಅವರಿನದು; ಲೆಕ್ಕಕ್ಕೆ 1800 ವಾಟ್-ಅವರ್, ಅದು ಬಹುಕಾಲ ಬಾಳಬೇಕಾದರೆ ಬಳಸತಕ್ಕದ್ದು ಅದರರ್ಧವನ್ನಷ್ಟೆ. ಹಿಂದಿನ ಭಾನುವಾರವಷ್ಟೇ ಡಿಸ್ಟಿಲ್ಡ್ ವಾಟರ್ ಹೊಯ್ದು, ಆರು ಮುಚ್ಚಳಗಳಲ್ಲಿಯೂ ಫ್ಲೋಟುಗಳು ಮೇಲೇರುವುದನ್ನು ನೋಡಿ ನಿಶ್ಚಿಂತನಾಗಿದ್ದೆ. ಅಷ್ಟರಲ್ಲಿ ಎದುರುಮನೆಯ ಸೊಸೆ ಓಡಿಬಂದು, “ಅಣ್ಣಾ, ಅತ್ತೆಗೆ ಉಸಿರು ಹತ್ತುತ್ತಿದೆ, ನೆಬ್ಯುಲೈಸರ್ ಹಚ್ಚಬೇಕು” ಎಂದರು. ಫ್ಯಾನನ್ನು ಆರಿಸಿ, ಉದ್ದದ ವಯರೊಂದನ್ನು ಎರಡು ಹೊಸ್ತಿಲು ದಾಟಿಸಿದೆವು.

ಸಂಗ್ರಹ ದೋಷವೆ? ಯೋಗಿಗಳೂ ಜೈನ ಮುನಿಗಳೂ ಅಪರಿಗ್ರಹವನ್ನು ವ್ರತವಾಗಿ ವಿಧಿಸಿದರು; ಆದರೆ ನಾಳೆಗೆಂದು ಇರಿಸಿಕೊಳ್ಳದ ಗೃಹಸ್ಥನು ಆಪತ್ತಿನಲ್ಲಿ ಯಾರಿಗೆ ಏನನ್ನು ನೀಡಿಯಾನು? ಹನ್ನೆರಡನೆಯ ಶತಮಾನದ ಶರಣರು ಕಾಯಕದ ಮಗ್ಗುಲಲ್ಲಿ ದಾಸೋಹವನ್ನಿರಿಸಿದುದರ ಮರ್ಮ ನನಗೆ ತಿಳಿದುದು ಆ ವಯರಿನ ಬಳಿ ನಿಂತಾಗಲೇ. ಬ್ಯಾಟರಿಯ ಸ್ವಭಾವವೂ ಅದನ್ನೇ ನುಡಿಯುತ್ತದೆ: ಬರಿದುಮಾಡಿ ಹಾಗೆಯೇ ಬಿಟ್ಟರೂ, ಪೋಷಣೆಯಿಲ್ಲದೆ ಮೂಲೆಗೆ ತಳ್ಳಿದರೂ, ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಗಟ್ಟಿ ಅದು ಕೊಳ್ಳಲೂ ಆರದು, ಕೊಡಲೂ ಆರದು.

ಊರಿನ ತಂತಿಯನ್ನೇ ಕಡಿದುಕೊಂಡು ಸೂರ್ಯನೊಬ್ಬನನ್ನು ನಂಬಿ ಬಾಳುವವನ ಸ್ವಾವಲಂಬನೆ ಗೌರವಾರ್ಹವೇ ಸರಿ. ಆದರೆ ಮಧ್ಯಾಹ್ನಕ್ಕೇ ಅವನ ಬ್ಯಾಟರಿ ತುಂಬಿದಲ್ಲಿ, ಮಿಕ್ಕ ಬಿಸಿಲು ಯಾರ ಮನೆಗೂ ಸಲ್ಲದೆ ಮುಳುಗುತ್ತದೆ. ಕನ್ನಡದಲ್ಲಿ ದೀಪಕ್ಕೂ ದ್ವೀಪಕ್ಕೂ ಇರುವ ಅಂತರ ಒಂದು ಒತ್ತಕ್ಷರದ್ದು. ನಮ್ಮ ಮಹಡಿಯಲ್ಲಿ ಅಂದು ಅದು ಒಂದು ವಯರಿನದಾಗಿತ್ತು.