ಎಂಜಲು, ಗೊಬ್ಬರ, ಅನ್ನ

ಮನೆಯಿಂದ ಹೊರಬಿದ್ದ ಕಸ ಕೊಳೆತು ಗೊಬ್ಬರವಾಗಿ, ಗೊಬ್ಬರ ಬೆಳೆಯಾಗಿ, ಬೆಳೆ ಮತ್ತೆ ಅನ್ನವಾಗಿ ಒಳಗೆ ಬರುವುದು ಬೇಸಾಯಗಾರನಿಗೆ ಹೊಸ ಸಂಗತಿಯಲ್ಲ. ಧರ್ಮದ ಕಡೆಯಿಂದ ನೋಡಿದರೆ ಮಾತ್ರ ಅದು ತೊಡಕಿನ ಸಂಗತಿ. ಎಂಜಲು, ಕೊಳೆತ ಎಲೆ, ಸಗಣಿ, ಮಲ ಇವುಗಳಲ್ಲಿ ಯಾವುದು ಮಡಿ, ಯಾವುದು ಮೈಲಿಗೆ, ಯಾರು ಮುಟ್ಟಬಹುದು, ಯಾರು ಮುಟ್ಟಕೂಡದು ಎಂಬ ಕಟ್ಟಳೆಗಳು ಅಡುಗೆಮನೆಯಿಂದ ಹೊಲದವರೆಗೂ ಹಬ್ಬಿವೆ. ಹಳ್ಳಿಯ ರೈತರಿಗೆ ಕಾಂಪೋಸ್ಟ್ ಮಾಡುವುದನ್ನೂ ಕೈತೋಟ ಬೆಳೆಸುವುದನ್ನೂ ಕಲಿಸುವ ತರಬೇತಿಗಳು ಸಾಮಾನ್ಯವಾಗಿ ಈ ಕಟ್ಟಳೆಗಳ ಗೊಡವೆಗೆ ಹೋಗುವುದಿಲ್ಲ. ಗುಂಡಿಯ ಅಳತೆ, ಪದರಗಳ ಕ್ರಮ, ಬಿತ್ತುವ ಕಾಲ ಹೇಳಿಕೊಟ್ಟು ಮುಗಿಸುತ್ತವೆ. ಆದರೆ ಮಲಿನವಾದದ್ದು ಅನ್ನವಾಗಬಲ್ಲದು ಎಂದು ಒಪ್ಪಿದ ಮೇಲೆ, ಅದನ್ನು ಅನ್ನವಾಗಿಸುವ ಕೈ ಮಲಿನವೆನ್ನಲು ಏನು ಆಧಾರವಿದೆ ಎಂಬ ಪ್ರಶ್ನೆ ಗುಂಡಿಯ ಪಕ್ಕದಲ್ಲೇ ನಿಂತಿರುತ್ತದೆ.

ಈ ಪ್ರಶ್ನೆಯನ್ನು ವಿಚಾರಿಸಲು ಬೆಂಗಳೂರಿನ ಪಶ್ಚಿಮ ಭಾಗಕ್ಕಿಂತ ತಕ್ಕ ಜಾಗ ಸಿಗುವುದು ಕಷ್ಟ. 1949ರಲ್ಲಿ ರಾಜಾಜಿನಗರಕ್ಕೆ ಅಡಿಗಲ್ಲು ಬಿದ್ದಾಗ ಅದರ ಸುತ್ತ ಇದ್ದದ್ದು ಹಳ್ಳಿಗಳು. ಹೊಸಹಳ್ಳಿ, ಅತ್ತಿಗುಪ್ಪೆ, ಮೂಡಲಪಾಳ್ಯ, ಸಾಣೆಗುರುವನಹಳ್ಳಿ, ಕುರುಬರಹಳ್ಳಿ, ನಾಗರಬಾವಿ ಈಗ ಬಸ್ಸಿನ ಫಲಕದಲ್ಲಿ, ಮೆಟ್ರೋ ನಿಲ್ದಾಣದಲ್ಲಿ ಓದಿಕೊಳ್ಳುವ ಹೆಸರುಗಳು. ಕಾಯಕದ ಮಾತನ್ನು ಆಡಿದ ಬಸವಣ್ಣನ ಹೆಸರಿನ ಬಡಾವಣೆ ಬಸವೇಶ್ವರನಗರ ಇಲ್ಲಿದೆ. ನಗರದ ಕೊಳಚೆಯನ್ನು ಹೊತ್ತು ಕೆಂಗೇರಿಯ ಕಡೆಗೆ ಹರಿಯುವ ವೃಷಭಾವತಿ ಇಲ್ಲಿದೆ. ಜಗತ್ತಿನ ಕೃಷಿ ಪಠ್ಯಗಳಲ್ಲಿ ಬೆಂಗಳೂರಿನ ಹೆಸರು ಹೊತ್ತಿರುವ ಗೊಬ್ಬರದ ಪದ್ಧತಿ ಹುಟ್ಟಿದ್ದೂ ರಾಜಾಜಿನಗರಕ್ಕೆ ಹೆಚ್ಚು ದೂರವಲ್ಲದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ.

ಆ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿದ್ದ ಗಿಲ್ಬರ್ಟ್ ಫೌಲರ್ ಚರಂಡಿ ನೀರಿನ ಶುದ್ಧೀಕರಣದಲ್ಲಿ ಹೆಸರು ಮಾಡಿದ್ದವರು. ಅವರೂ ಸಂಶೋಧಕ ರೇಗೆಯವರೂ 1922ರ ಹೊತ್ತಿಗೆ ಕಾಂಪೋಸ್ಟನ್ನು ಚುರುಕುಗೊಳಿಸುವ ವಿಧಾನವೊಂದನ್ನು ರೂಪಿಸಿದರು. ಇಂದೋರಿನಲ್ಲಿ ಆಲ್ಬರ್ಟ್ ಹೊವಾರ್ಡ್ ಹಳ್ಳಿಯ ಕಸಕಡ್ಡಿ ಮತ್ತು ಸಗಣಿಯನ್ನು ಪದರ ಪದರವಾಗಿ ಒಟ್ಟಿ, ಆಗಾಗ ಮಗುಚಿ ಗೊಬ್ಬರ ಮಾಡುವುದನ್ನು ವ್ಯವಸ್ಥಿತಗೊಳಿಸಿ 1931ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. 1939ರಲ್ಲಿ ಸಿ.ಎನ್. ಆಚಾರ್ಯ ಬೆಂಗಳೂರಿನಲ್ಲಿ ರೂಪಿಸಿದ ವಿಧಾನ ಪಟ್ಟಣಗಳಿಗೆ ಹೊಂದುವಂಥದ್ದು. ಸುಮಾರು ಒಂದು ಮೀಟರ್ ಆಳದ ಗುಂಡಿಯಲ್ಲಿ ಊರಿನ ಕಸದ ದಪ್ಪ ಪದರ, ಅದರ ಮೇಲೆ ಮಲದ ತೆಳು ಪದರ, ಮತ್ತೆ ಕಸ, ಹೀಗೆ ತುಂಬಿ ಮೇಲೆ ಮಣ್ಣು ಮೆತ್ತಿ ಬಿಡುವುದು. ಮೊದಲ ಕೆಲವು ದಿನ ಒಳಗೆ ಉಳಿದ ಗಾಳಿಯಿಂದ ಸೂಕ್ಷ್ಮಜೀವಿಗಳು ಚುರುಕಾಗಿ ಗುಂಡಿ ಕಾಯುತ್ತದೆ. ಗಾಳಿ ತೀರಿದ ಮೇಲೆ ಕೊಳೆಯುವಿಕೆ ನಿಧಾನಕ್ಕೆ ಸಾಗುತ್ತದೆ. ಮಗುಚುವ ಶ್ರಮವಿಲ್ಲ, ಸಾರಜನಕ ಹೆಚ್ಚು ಪೋಲಾಗುವುದಿಲ್ಲ, ಆರರಿಂದ ಎಂಟು ತಿಂಗಳಿಗೆ ಕಪ್ಪು ಗೊಬ್ಬರ ಸಿದ್ಧ. ನಗರ ಹೊರಹಾಕಿದ್ದು ಸುತ್ತಲ ಹಳ್ಳಿಯ ಹೊಲಕ್ಕೆ ಹೋಗಿ, ಹೊಲದ ಸೊಪ್ಪು ಕಾಳು ನಗರಕ್ಕೆ ಮರಳುವ ದಾರಿ ಇದು. ರಸಾಯನದ ಲೆಕ್ಕದಲ್ಲಿ ಇದಕ್ಕಿಂತ ಚೆಂದದ ಯೋಚನೆ ಆ ಕಾಲದಲ್ಲಿ ಇರಲಿಲ್ಲ.

ಆದರೆ ಆ ತೆಳು ಪದರ ಗುಂಡಿಗೆ ತಾನಾಗಿ ನಡೆದು ಬರುತ್ತಿರಲಿಲ್ಲ. ನೀರಿನ ವ್ಯವಸ್ಥೆಯಿಲ್ಲದ ಕಕ್ಕಸುಗಳಿಂದ ಅದನ್ನು ಬಳಿದು, ತಲೆಯ ಮೇಲೆ ಹೊತ್ತು, ಗಾಡಿಗೆ ತುಂಬಿ, ಗುಂಡಿಯವರೆಗೆ ಸಾಗಿಸುತ್ತಿದ್ದವರು ಜಾತಿಯ ಕಾರಣಕ್ಕೇ ಆ ಕೆಲಸಕ್ಕೆ ಕಟ್ಟುಬಿದ್ದ ಹೆಂಗಸರು ಗಂಡಸರು. ಗುಂಡಿಯೊಳಗೆ ಮಲವೂ ಕಸವೂ ಒಂದಾಗಿ ಭೇದವಿಲ್ಲದ ಮಣ್ಣಾದವು. ಗುಂಡಿಯ ಹೊರಗೆ ಭೇದ ಇದ್ದಂತೆಯೇ ಉಳಿಯಿತು. ಗೊಬ್ಬರ ಹೊಲಕ್ಕೆ ಸಲ್ಲುತ್ತಿತ್ತು, ತಂದವರು ಮನೆಯ ಜಗಲಿಗೆ ಸಲ್ಲುತ್ತಿರಲಿಲ್ಲ. ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ದೇಶಕ್ಕೆ ಅನ್ವಯಿಸುವ ಕಾನೂನು ಬಂದದ್ದು 1993ರಲ್ಲಿ, ಅದನ್ನು ಬಲಪಡಿಸಿದ ಇನ್ನೊಂದು ಕಾನೂನು 2013ರಲ್ಲಿ. ಕಾಂಪೋಸ್ಟಿನ ಇತಿಹಾಸ ಹೇಳುವಾಗ ಆಚಾರ್ಯರ ಜೊತೆಗೆ ಬಸವಲಿಂಗಪ್ಪನವರನ್ನೂ ಹೆಸರಿಸದಿದ್ದರೆ ಕಥೆ ಅರ್ಧವೇ ಆಗುತ್ತದೆ.

ಕರ್ನಾಟಕದ ಧರ್ಮಚಿಂತನೆಯಲ್ಲಿ ಈ ಗಂಟನ್ನು ನೇರವಾಗಿ ಕೈಗೆತ್ತಿಕೊಂಡವರು ಹನ್ನೆರಡನೆಯ ಶತಮಾನದ ಶರಣರು. ಲಿಂಗವಂತ ಧರ್ಮ ಅಲ್ಲಗಳೆದ ಐದು ಸೂತಕಗಳಲ್ಲಿ ಹುಟ್ಟು, ಸಾವು, ಮುಟ್ಟು ಇವುಗಳ ಜೊತೆಗೆ ಎಂಜಲಿನ ಸೂತಕವೂ ಜಾತಿಯ ಸೂತಕವೂ ಇವೆ. ಕೊನೆಯ ಎರಡು ಒಂದೇ ಪಟ್ಟಿಯಲ್ಲಿ ಬಂದಿರುವುದನ್ನು ಗಮನಿಸಬೇಕು. ಎಂಜಲನ್ನು ಮೈಲಿಗೆಯೆಂದು ನಂಬುವ ಮನಸ್ಸೇ ಎಂಜಲು ಬಳಿಯುವವನನ್ನೂ ಮೈಲಿಗೆಯೆನ್ನುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಉಳಿಸಿಕೊಳ್ಳಲು ಬರುವುದಿಲ್ಲ. ಚರ್ಮ ಹದ ಮಾಡುವ ಡೋಹರ ಕಕ್ಕಯ್ಯ, ಮಾದಾರ ಚೆನ್ನಯ್ಯ, ಅಂಗಳ ಗುಡಿಸುವ ಕಾಯಕದ ಸತ್ಯಕ್ಕ, ಹೊಲ ಉಳುವ ಒಕ್ಕಲಿಗ ಮುದ್ದಣ್ಣ ಇವರೆಲ್ಲ ಆ ಬಳಗದಲ್ಲಿ ಬರಿಯ ಭಕ್ತರಾಗಿರದೆ ಕಾಯಕದ ಹೆಸರಿನಿಂದಲೇ ಗೌರವ ಪಡೆದವರಾಗಿದ್ದರು. ಕಾಯಕಗಳಲ್ಲಿ ಮೇಲು ಕೀಳಿಲ್ಲ ಎಂಬ ನಿಲುವು ಗೊಬ್ಬರದ ಗುಂಡಿಯ ಅಂಚಿನಲ್ಲಿ ಪರೀಕ್ಷೆಗೆ ಒಳಗಾಗುವಷ್ಟು ಕಠಿಣವಾಗಿ ಬೇರೆಲ್ಲೂ ಒಳಗಾಗುವುದಿಲ್ಲ.

ವೈದಿಕ ಪರಂಪರೆಯಲ್ಲೂ ಇದಕ್ಕೆ ಹತ್ತಿರದ ಎಳೆಗಳಿವೆ. ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿಯಲ್ಲಿ ಭೃಗು ಮೊದಲು ಕಂಡುಕೊಳ್ಳುವುದು ಅನ್ನವೇ ಬ್ರಹ್ಮವೆಂದು. ಅನ್ನವನ್ನು ನಿಂದಿಸಬಾರದು, ಹೆಚ್ಚಿಸಬೇಕು ಎಂಬುದು ಅಲ್ಲಿ ವ್ರತವಾಗಿಯೇ ಬರುತ್ತದೆ. ತನಗಾಗಿ ಮಾತ್ರ ಬೇಯಿಸಿಕೊಂಡವನು ಪಾಪವನ್ನು ಉಣ್ಣುತ್ತಾನೆಂದು ಗೀತೆಯ ಮೂರನೆಯ ಅಧ್ಯಾಯ ಹೇಳುತ್ತದೆ. ಆದರೆ ಇದೇ ಪರಂಪರೆ ಉಚ್ಛಿಷ್ಟದ, ಅಂದರೆ ಎಂಜಲಿನ ಬಗ್ಗೆ ಕಟ್ಟುನಿಟ್ಟಾದ ನಿಷೇಧಗಳನ್ನೂ ಕಟ್ಟಿತು. ಅನ್ನಕ್ಕೆ ಕೊಟ್ಟ ದೈವತ್ವ ಅನ್ನದ ಉಳಿಕೆಗೆ ಸಿಗಲಿಲ್ಲ. ಅನ್ನದ ದಾರಿ ತಟ್ಟೆಯಲ್ಲಿ ಮುಗಿಯುತ್ತದೆ ಎಂದುಕೊಂಡರೆ ಅನ್ನವನ್ನು ಹೆಚ್ಚಿಸುವ ವ್ರತವೂ ಅಲ್ಲಿಗೇ ನಿಲ್ಲುತ್ತದೆ, ಏಕೆಂದರೆ ಹೊಲದಿಂದ ತೆಗೆದದ್ದನ್ನು ಹೊಲಕ್ಕೆ ಮರಳಿಸದೆ ಬೆಳೆ ಹೆಚ್ಚುವುದಿಲ್ಲ.

ಶಾಸ್ತ್ರದ ಹಂಗಿಲ್ಲದ ಹಳ್ಳಿಯ ನಡವಳಿಕೆ ಈ ವಿಷಯದಲ್ಲಿ ಮುಂದಿತ್ತು. ಬಲಿಪಾಡ್ಯಮಿಯ ದಿನ ಸಗಣಿಯ ಉಂಡೆಗೆ ಹೂ ಸಿಕ್ಕಿಸಿ ಪೂಜಿಸುವುದು, ತಿಪ್ಪೆಯ ಮೇಲೂ ದೀಪವಿಡುವುದು ಹಲವು ಕಡೆ ಉಳಿದಿದೆ. ಹುಟ್ಟಿದ ಮಕ್ಕಳು ಉಳಿಯದಿದ್ದಾಗ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಡುವ ರೂಢಿಯೂ ಇತ್ತು. ಸಾವನ್ನು ಬದುಕಾಗಿಸುವ ಶಕ್ತಿ ತಿಪ್ಪೆಗಿದೆಯೆಂಬ ನಂಬಿಕೆ ಅದರ ಹಿಂದಿದೆ. ಹೆಸರಿನಲ್ಲೇ ತಿಪ್ಪೆಯಿರುವ, ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಜನ ಇಂದಿಗೂ ನೆನೆಯುವುದು ಕೆರೆ ಕಟ್ಟಿಸಿದ, ದುಡಿದವರಿಗೆ ದುಡಿದಷ್ಟು ಕೂಲಿ ಸಲ್ಲಿಸಿದ ಸಂತನೆಂದೇ.

ಪೂಜೆಯೊಂದೇ ಸಾಲದು ಎಂಬುದಕ್ಕೆ ವೃಷಭಾವತಿ ಸಾಕ್ಷಿ. ಬಸವನಗುಡಿಯ ದೊಡ್ಡ ಬಸವಣ್ಣನ ಬಳಿ ಹುಟ್ಟುತ್ತದೆಂದು ಭಕ್ತರು ನಂಬಿರುವ ಹೊಳೆ ಇದು. ಮಲ್ಲೇಶ್ವರದ ಕಾಡುಮಲ್ಲೇಶ್ವರನ ಕಡೆಯಿಂದ ಬರುವ ಕವಲೂ ಇದಕ್ಕಿದೆ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ಇದರ ದಂಡೆಯಲ್ಲಿದೆ. ಇಷ್ಟು ದೇವರ ಸನ್ನಿಧಿಯಲ್ಲಿ ಹರಿದರೂ ಹೊಳೆ ಮೋರಿಯಾಯಿತು. ಮನೆಗಳ ಕೊಳಚೆಯಷ್ಟೇ ಆಗಿದ್ದರೆ ಮಣ್ಣು ಅದನ್ನು ಅರಗಿಸಿಕೊಳ್ಳುತ್ತಿತ್ತು. ಕಾರ್ಖಾನೆಗಳ ಲೋಹ, ರಾಸಾಯನಿಕಗಳೂ ಸೇರಿಕೊಂಡವು. ಕೆಂಗೇರಿ ದಾಟಿ ಬಿಡದಿ ಬಳಿಯ ಬೈರಮಂಗಲ ಕೆರೆ ಸೇರುವ ಈ ನೀರನ್ನು ಅಲ್ಲಿನ ರೈತರು ಬೇರೆ ದಾರಿಯಿಲ್ಲದೆ ಹೊಲಕ್ಕೆ ಹಾಯಿಸಿದರು. ಕೊಳೆತದ್ದನ್ನು ಮಣ್ಣು ಅನ್ನವಾಗಿಸುತ್ತದೆ. ಸೀಸವನ್ನೂ ಕ್ರೋಮಿಯಮ್ಮನ್ನೂ ಅನ್ನವಾಗಿಸುವ ಶಕ್ತಿ ಅದಕ್ಕಿಲ್ಲ, ಇದ್ದಂತೆಯೇ ಅವನ್ನು ಸೊಪ್ಪಿಗೆ ದಾಟಿಸುತ್ತದೆ. ಹಳೆಯ ಮಡಿ ಮೈಲಿಗೆಯ ಪಟ್ಟಿಯಲ್ಲಿ ಸಗಣಿಗೆ, ಎಂಜಲಿಗೆ ಜಾಗವಿತ್ತು, ಇವಕ್ಕೆ ಇರಲಿಲ್ಲ. ಇಂದು ನಿಜವಾದ ಮೈಲಿಗೆ ಯಾವುದೆಂದು ಕೇಳಿದರೆ ಮಣ್ಣಿಗೆ ಮರಳಲಾರದ್ದು ಎಂಬುದೇ ಸರಿಯಾದ ಉತ್ತರ.

ಘನತ್ಯಾಜ್ಯದ ಕಥೆಯೂ ಇಂಥದ್ದೇ. ಮಾವಳ್ಳಿಪುರ, ಮಂಡೂರಿನ ಜನ ಎದ್ದು ನಿಂತು ನಗರದ ಕಸವನ್ನು ತಡೆದ ಮೇಲೆ ಮಾಗಡಿ ರಸ್ತೆಯ ಕಡೆಯ ಕನ್ನಹಳ್ಳಿ, ಸೀಗೇಹಳ್ಳಿ, ಕೆಂಗೇರಿಯಾಚೆಯ ಸುಬ್ಬರಾಯನಪಾಳ್ಯದಂಥ ಕಡೆ ಸಂಸ್ಕರಣಾ ಘಟಕಗಳು ತಲೆಯೆತ್ತಿದವು. ಬೇರ್ಪಡಿಸದ ಕಸ ಬಂದಾಗ ಸುತ್ತಲಿನವರು ನಾತ, ನೊಣ, ಕೊಳಚೆ ನೀರು ಅನುಭವಿಸಿದರು. ಹಸಿ ಕಸವನ್ನು ಮೂಲದಲ್ಲೇ ಬೇರೆ ಮಾಡಬೇಕೆಂದು ಹೈಕೋರ್ಟ್ 2015ರಲ್ಲಿ ಆದೇಶಿಸಿತು. ಬಸವೇಶ್ವರನಗರದ ಅಡುಗೆಮನೆಯಲ್ಲಿ ತರಕಾರಿ ಸಿಪ್ಪೆಯ ಬುಟ್ಟಿಗೆ ಪ್ಲಾಸ್ಟಿಕ್ ಚೀಲ ಬೀಳದಂತೆ ನೋಡಿಕೊಳ್ಳುವುದು ಪೌರನೀತಿ ಮಾತ್ರವಲ್ಲ, ದಾಸೋಹದ ಭಾಗವೇ. ಕಸ ಬೇರ್ಪಡಿಸದ ಮನೆ ಆ ಕೆಲಸವನ್ನು ಪೌರಕಾರ್ಮಿಕಳ ಬರಿಗೈಗೆ ದಾಟಿಸುತ್ತದೆ, ತಲೆಯ ಮೇಲೆ ಮಲ ಹೊರಿಸಿದ ಮನೆ ಮಾಡಿದ್ದೂ ಅದನ್ನೇ.

ಜೈನ ಚಿಂತನೆ ಎತ್ತುವ ಆಕ್ಷೇಪ ಬೇರೆ ಬಗೆಯದು, ಇನ್ನೂ ಗಹನವಾದದ್ದು. ಮಣ್ಣೇ ಏಕೇಂದ್ರಿಯ ಜೀವಗಳ ಶರೀರ ಎನ್ನುವ ದರ್ಶನಕ್ಕೆ ಅಗೆಯುವುದೂ ಹಿಂಸೆ, ಅರವತ್ತು ಡಿಗ್ರಿಯವರೆಗೆ ಕಾಯುವ ಗೊಬ್ಬರದ ರಾಶಿಯೂ ಹಿಂಸೆ. ಆದರೂ ಆದಿದೇವ ವೃಷಭನಾಥನೇ ಜನರಿಗೆ ಕೃಷಿ ಕಲಿಸಿದನೆಂದು ಜೈನ ಪುರಾಣ ಹೇಳುತ್ತದೆ; ಬೆಳಗಾವಿ, ಧಾರವಾಡ ಸೀಮೆಯ ಜೈನರಲ್ಲಿ ಒಕ್ಕಲುತನವೇ ಕುಲಕಸುಬಾದವರು ಬಹಳ. ಗೃಹಸ್ಥನಿಗೆ ತಪ್ಪಿಸಲಾಗದ ಹಿಂಸೆಯನ್ನು ಕಡಿಮೆ ಮಾಡುವುದೇ ವ್ರತವೆಂಬುದು ಅವರ ಸಮಾಧಾನ. ಮನುಸ್ಮೃತಿಯೂ ಒಲೆ, ಬೀಸುಕಲ್ಲು, ಪೊರಕೆ, ಒರಳು, ನೀರಿನ ಕೊಡ ಈ ಐದನ್ನು ಮನೆಯೊಳಗಿನ ವಧಾಸ್ಥಾನಗಳೆಂದು ಎಣಿಸಿ ಪ್ರಾಯಶ್ಚಿತ್ತವಾಗಿ ಪಂಚಮಹಾಯಜ್ಞಗಳನ್ನು ವಿಧಿಸುತ್ತದೆ. ಕೀಟನಾಶಕ ಸುರಿದ ಹೊಲಕ್ಕೆ ಹೋಲಿಸಿದರೆ ಕಾಂಪೋಸ್ಟ್ ಉಂಡ ಹೊಲದಲ್ಲಿ ಎರೆಹುಳು, ಶಿಲೀಂಧ್ರ, ಕಣ್ಣಿಗೆ ಕಾಣದ ಅಸಂಖ್ಯ ಜೀವಗಳು ಹೆಚ್ಚುತ್ತವೆ. ಈ ಲೆಕ್ಕದಲ್ಲಿ ಗೊಬ್ಬರ ಮಾಡುವುದು ಅಹಿಂಸೆಗೆ ಹತ್ತಿರದ ದಾರಿ. ಆದರೂ ಹಿಂಸೆ ಇದೆಯೆಂಬ ಜೈನರ ಎಚ್ಚರ ಉಳಿಯಬೇಕಾದದ್ದೇ.

ಇನ್ನು ಹಸಿವಿನ ಪ್ರಶ್ನೆ. ರಾಜಾಜಿನಗರದ ಹರೇ ಕೃಷ್ಣ ಬೆಟ್ಟದ ಇಸ್ಕಾನ್ ದೇವಾಲಯದ ನೆರಳಿನಲ್ಲಿ 2000ದಲ್ಲಿ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಕೊಡುವುದರೊಂದಿಗೆ ಅಕ್ಷಯಪಾತ್ರ ಆರಂಭವಾಯಿತು. 2013ರ ಅನ್ನಭಾಗ್ಯ ಬಡವರ ಮನೆಗೆ ಅಕ್ಕಿ ತಲುಪಿಸಿತು. ಇವುಗಳ ಪುಣ್ಯ ದೊಡ್ಡದು. ಹಸಿದ ಮಗುವಿನ ಎದುರು ಸ್ವಾವಲಂಬನೆಯ ಉಪದೇಶ ಸಲ್ಲದು. ಆದರೆ ಅಕ್ಕಿ ಹೊಟ್ಟೆ ತುಂಬಿಸುತ್ತದೆ, ರಕ್ತಹೀನತೆ ನೀಗಿಸುವುದಿಲ್ಲ. ಕೊಡುವ ಕೈ ಮೇಲೆಯೇ ಉಳಿದು ಪಡೆಯುವ ಕೈ ಕೆಳಗೇ ಉಳಿದರೆ ಅದು ದಾನವಾಗುತ್ತದೆ, ದಾಸೋಹವಾಗುವುದಿಲ್ಲ. ಶರಣ ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದವನು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಪ್ಪದೆ ಹಿಂದಕ್ಕೆ ಸುರಿದು ಬರಲು ಹೇಳಿದಳು. ನೆಲಕ್ಕೆ ಬಿದ್ದದ್ದನ್ನು ಪ್ರಸಾದವಾಗಿಸುವುದು, ಸಾಕಾದದ್ದಕ್ಕಿಂತ ಹೆಚ್ಚನ್ನು ಮರಳಿಸುವುದು, ಎರಡೂ ಆ ಮನೆಯಲ್ಲಿ ಒಂದೇ ಕಾಯಕವಾಗಿದ್ದವು. ಆಹಾರ ಭದ್ರತೆಯನ್ನು ಉಗ್ರಾಣದ ಚೀಲಗಳಿಂದ ಅಳೆಯುವವರಿಗೆ ಲಕ್ಕಮ್ಮನ ಲೆಕ್ಕ ಇನ್ನೊಂದು ಅಳತೆಗೋಲು.

ಕೈತೋಟ ಈ ಎರಡನೆಯ ಅಳತೆಗೆ ಸೇರಿದ್ದು. ಬಚ್ಚಲ ನೀರು ಹರಿಯುವ ಕಡೆ ಬಾಳೆ, ಬೇಲಿಗೆ ನುಗ್ಗೆ, ಚಪ್ಪರಕ್ಕೆ ಹೀರೆ ಮತ್ತು ತೊಂಡೆ, ಪಾತಿಯಲ್ಲಿ ದಂಟು, ಹರಿವೆ, ಬಸಳೆ, ನೆರಳಿನ ಜಾಗದಲ್ಲಿ ಒಂದೆಲಗ. ಮಳೆ ಕೈಕೊಟ್ಟು ರಾಗಿ ಹೋದ ವರ್ಷವೂ ಹಿತ್ತಿಲ ಸೊಪ್ಪು ಮುದ್ದೆಯ ಜೊತೆಗಿರುತ್ತದೆ. ಮಾರುಕಟ್ಟೆಗಾಗಿ ಟೊಮೆಟೊ ಬೆಳೆದು ಬೆಲೆ ಬಿದ್ದಾಗ ರಸ್ತೆಗೆ ಸುರಿಯುವ ರೈತನ ಮನೆಯಲ್ಲೇ ಸೊಪ್ಪು ತರಕಾರಿಯನ್ನು ಕೊಂಡು ತರುವ ಸ್ಥಿತಿ ಬಂದಿರುವುದರಿಂದ ಇದನ್ನು ಮತ್ತೆ ಕಲಿಸಬೇಕಾಗಿದೆ. ಕರ್ನಾಟಕ ಸರ್ಕಾರ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತು. ದೊಡ್ಡಬಳ್ಳಾಪುರ ತಾಲ್ಲೂಕಿನ ಮರೇನಹಳ್ಳಿಯಲ್ಲಿ ಎಲ್. ನಾರಾಯಣ ರೆಡ್ಡಿಯವರು 2019ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ತೋಟವನ್ನೇ ಪಾಠಶಾಲೆ ಮಾಡಿಕೊಂಡು ನಾಡಿನ ಉದ್ದಗಲದ ರೈತರಿಗೆ ಹೇಳಿಕೊಟ್ಟರು.

ಅಂಥ ಪಾಠದ ತಂತ್ರಭಾಗ ಒಂದು ದಿನದ್ದು. ಒಣ ಎಲೆ, ಹುಲ್ಲು ಹೆಚ್ಚು. ಹಸಿ ಸಿಪ್ಪೆ, ಸಗಣಿ ಕಡಿಮೆ. ಇಂಗಾಲ ಮತ್ತು ಸಾರಜನಕದ ಪ್ರಮಾಣ ಸುಮಾರು ಮೂವತ್ತಕ್ಕೆ ಒಂದು. ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ರಾಶಿ ಚೆನ್ನಾಗಿ ಕಾದರೆ ಕಳೆಯ ಬೀಜ, ರೋಗಾಣು ಸಾಯುತ್ತವೆ; ನಾತ ಬಂದರೆ ಗಾಳಿ ಸಾಲದೆಂದು ತಿಳಿದು ಮಗುಚಬೇಕು. ಉಳಿದ ಭಾಗಕ್ಕೆ ದಿನಗಳು ಸಾಲವು. ಗುಂಡಿಗೆ ಕಸ ಹಾಕುವುದು ಸೊಸೆಯ ಕೆಲಸ, ಮಗುಚುವುದು ಕೂಲಿಯವನ ಕೆಲಸ, ಸಾವಯವ ರೈತನೆಂಬ ಸನ್ಮಾನ ಯಜಮಾನನಿಗೆ ಎಂಬ ಏರ್ಪಾಡು ಉಳಿದರೆ ಎಂಜಲಿನ ಸೂತಕ ಕಳೆದಿದೆಯೆಂದು ಹೇಳಲು ಬರುವುದಿಲ್ಲ. ಆದ್ದರಿಂದ ತರಬೇತಿಯಲ್ಲಿ ರಾಶಿ ಮಗುಚುವ ಸಲಿಕೆಯನ್ನು ಊರಿನ ಎಲ್ಲ ಕೇರಿಯವರೂ, ಗಂಡಸರೂ ಹೆಂಗಸರೂ, ಸರದಿಯ ಮೇಲೆ ಹಿಡಿಯಬೇಕು. ಭೂಮಿಯಿಲ್ಲದ ಮನೆಗೂ ಗೊಬ್ಬರದ ಪಾಲು ಸಿಗಬೇಕು; ಗೋಣಿಚೀಲದಲ್ಲಿ, ಒಡೆದ ಬಿಂದಿಗೆಯಲ್ಲಿ ಬದನೆ, ಮೆಂತ್ಯ ಬೆಳೆಯುವುದನ್ನು ಅವರಿಗೂ ತೋರಿಸಬೇಕು. ಆ ಮನೆಯ ಸೊಪ್ಪನ್ನು ನೆರೆಮನೆಯವರು ಕೊಂಡೋ ಬೇಡಿಯೋ ತಂದು ಉಣ್ಣುವಂತಾಗಬೇಕು.